ಹೊಟ್ಟೆಯೊಳಗಿನ ಮಣಿಗಳಿಗೆ ಪೊರೆ ಕಟ್ಟಿದ್ದೇಕೆ? ಸಿಗಿಲಾನ್ ಪ್ರಯೋಗದ ಪ್ರಕರಣ ಅಧ್ಯಯನ

2021ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಪುಟ್ಟ ಪ್ರಯೋಗಕ್ಕೆ ತಡೆ ಹಾಕಿತು. ಅಷ್ಟರಲ್ಲಿ ಅದರಲ್ಲಿ ಚಿಕಿತ್ಸೆ ಪಡೆದಿದ್ದವರು ಮೂರೇ ಮಂದಿ. ಮೂವರಿಗೂ ಹಿಮೋಫಿಲಿಯಾ-ಎ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್-8 ಎಂಬ ಪ್ರೋಟೀನು ಅವರ ಮೈಯಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿದ್ದ ಸಿಗಿಲಾನ್ ಥೆರಪ್ಯೂಟಿಕ್ಸ್ ಎಂಬ ಕಂಪನಿ, ಆ ಪ್ರೋಟೀನನ್ನು ತಯಾರಿಸುವಂತೆ ಮಾರ್ಪಡಿಸಿದ ಮಾನವ ಜೀವಕೋಶಗಳನ್ನು ಜೆಲ್ ಮಣಿಗಳಲ್ಲಿ ತುಂಬಿ, ಲ್ಯಾಪ್ರೊಸ್ಕೋಪಿ ಮೂಲಕ ಅವರ ಹೊಟ್ಟೆಯೊಳಗೆ ಬಿಟ್ಟಿತ್ತು. ಎಲ್ಲರಿಗಿಂತ ಹೆಚ್ಚಿನ ಡೋಸ್ ಪಡೆದ ಮೂರನೆಯವರ ರಕ್ತದಲ್ಲಿ ಫ್ಯಾಕ್ಟರ್-8ರ ವಿರುದ್ಧವೇ ಪ್ರತಿಕಾಯಗಳು ಕಾಣಿಸಿಕೊಂಡವು. ತಡೆ ಬಿದ್ದದ್ದು ಅದಕ್ಕೆ.

ಅದೇ ವರ್ಷದ ಕೊನೆಗೆ ಇನ್ನೊಂದು ಸುದ್ದಿ ಬಂತು. ರೋಗಿಯ ಹೊಟ್ಟೆಯಿಂದ ಹೊರತೆಗೆದ ಮಣಿಗಳ ಸುತ್ತ ನಾರುಪೊರೆ ಕಟ್ಟಿತ್ತು. ಒಳಗಿನ ಕೋಶಗಳು ಸತ್ತಿದ್ದವು.

ಮೊದಲ ಸುದ್ದಿ ಹಿಮೋಫಿಲಿಯಾ ವೈದ್ಯರು ಕಂಡು ಕೇಳರಿಯದ್ದೇನಲ್ಲ. ತೀವ್ರ ಹಿಮೋಫಿಲಿಯಾ-ಎ ಇರುವವರಲ್ಲಿ ಸುಮಾರು ಶೇ. 30ರಷ್ಟು ಮಂದಿಗೆ ಮಾಮೂಲಿ ಫ್ಯಾಕ್ಟರ್-8 ಇಂಜೆಕ್ಷನ್ನಿಗೇ ಇಂಥ ಪ್ರತಿಕಾಯಗಳು ಹುಟ್ಟುತ್ತವೆ. ಅವರ ಮಾತಿನಲ್ಲಿ ಇದಕ್ಕೆ ‘ಇನ್‌ಹಿಬಿಟರ್ ಬಂದಿದೆ’ ಎನ್ನುತ್ತಾರೆ. ಎರಡನೆಯ ಸುದ್ದಿ ಬುಡಕ್ಕೇ ಕೊಡಲಿಪೆಟ್ಟು. ಆ ಮಣಿಗಳ ಹೊರಪದರವನ್ನು ರೂಪಿಸಿದ್ದೇ ಪೊರೆ ಕಟ್ಟದಿರಲಿ ಎಂದು. ನೂರಾರು ರಾಸಾಯನಿಕ ರೂಪಗಳಿಂದ ಸೋಸಿ ಆರಿಸಿದ ವಸ್ತು ಅದು. ಇಲಿಯಲ್ಲಿ ಗೆದ್ದಿತ್ತು, ಮಂಗದಲ್ಲೂ ಗೆದ್ದಿತ್ತು. ಮನುಷ್ಯನ ಹೊಟ್ಟೆಯಲ್ಲಿ ಏನಾಯಿತು?

ದೇಹ ಮಾಡುವ ಕೆಲಸ

ಹೊರಗಿನ ವಸ್ತುವೊಂದು ದೇಹದೊಳಗೆ ಹೋದ ಕೂಡಲೇ ಅದರ ಮೇಲ್ಮೈಗೆ ಪ್ರೋಟೀನುಗಳು ಅಂಟಿಕೊಳ್ಳುತ್ತವೆ. ಆಲ್ಬುಮಿನ್, ಫೈಬ್ರಿನೋಜೆನ್, ಕಾಂಪ್ಲಿಮೆಂಟ್ ಗುಂಪಿನವು, ಹೀಗೆ ಅಕ್ಕಪಕ್ಕ ಏನಿದೆಯೋ ಅದು. ಇದಕ್ಕೆ ಬೇಕಾಗುವುದು ಸೆಕೆಂಡುಗಳಿಂದ ನಿಮಿಷಗಳು. ಆಮೇಲೆ ಬರುವ ನಿರೋಧಕ ಕೋಶಗಳ ಕೈಗೆ ಮೊದಲು ಸಿಗುವುದು ಟೈಟಾನಿಯಮ್ಮೋ ಸಿಲಿಕೋನೋ ಅಲ್ಲ, ಈ ಪ್ರೋಟೀನಿನ ತೆಳುಪದರ. ಯಾವ ಪ್ರೋಟೀನು, ಎಷ್ಟು, ಯಾವ ಭಂಗಿಯಲ್ಲಿ ಅಂಟಿದೆ ಎಂಬುದರ ಮೇಲೆ ಮುಂದಿನ ಕಥೆ ನಿಂತಿದೆ. ವಸ್ತುವಿನ ರಸಾಯನಶಾಸ್ತ್ರಕ್ಕೆ ಇಲ್ಲಿ ಮಾತಾಡಲು ಅವಕಾಶ ಇರುವುದು ಮುಖ್ಯವಾಗಿ ಈ ಕಾರಣಕ್ಕೆ.

ಮೊದಲು ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಬರುತ್ತವೆ, ಬೆನ್ನಿಗೇ ಮಾನೊಸೈಟ್ ಎಂಬ ಇನ್ನೊಂದು ಬಗೆಯವು ಬಂದು ಮ್ಯಾಕ್ರೋಫೇಜ್‌ಗಳಾಗಿ ಬದಲಾಗುತ್ತವೆ. ಮ್ಯಾಕ್ರೋಫೇಜಿನ ಕಸುಬು ನುಂಗುವುದು. ಬ್ಯಾಕ್ಟೀರಿಯಾ ಆದರೆ ನುಂಗಬಹುದು. ತನಗಿಂತ ನೂರು ಪಟ್ಟು ದೊಡ್ಡ ಮಣಿಯನ್ನು ನುಂಗುವುದು ಹೇಗೆ? ಹಲವು ಮ್ಯಾಕ್ರೋಫೇಜ್‌ಗಳು ಒಂದಕ್ಕೊಂದು ಬೆಸೆದು ದೈತ್ಯಕೋಶಗಳಾಗುತ್ತವೆ. ಅದೂ ಸಾಲದೆ ಹೋದಾಗ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಕರೆಯುತ್ತವೆ. ಅವು ಕೊಲಾಜೆನ್ ಎಂಬ ನಾರುಪ್ರೋಟೀನು ಸುರಿದು ಆ ವಸ್ತುವಿನ ಸುತ್ತ ಗೋಡೆ ಕಟ್ಟುತ್ತವೆ. ಕೆಲವೇ ವಾರಗಳಲ್ಲಿ ವಸ್ತು ದೇಹದೊಳಗಿದ್ದೂ ದೇಹದಿಂದ ಹೊರಗಾಗುತ್ತದೆ.

ಪೇಸ್‌ಮೇಕರ್ ಡಬ್ಬಿಗೆ ಈ ಗೋಡೆಯಿಂದ ದೊಡ್ಡ ನಷ್ಟವಿಲ್ಲ. ಸ್ತನದ ಸಿಲಿಕೋನ್ ಇಂಪ್ಲಾಂಟಿನಲ್ಲಿ ಗೋಡೆ ದಪ್ಪಗಾಗಿ ಬಿಗಿದರೆ ನೋವು, ಆಕಾರಗೆಡುವುದು, ಮತ್ತೊಂದು ಆಪರೇಷನ್. ಜೀವಂತ ಕೋಶಗಳಿರುವ ಮಣಿಗಂತೂ ಅದು ಕುತ್ತಿಗೆಗೆ ಹಗ್ಗ. ಒಳಗಿನ ಕೋಶಗಳಿಗೆ ರಕ್ತನಾಳ ಇಲ್ಲ. ಆಮ್ಲಜನಕವೂ ಪೋಷಕಾಂಶವೂ ಜೆಲ್‌ನ ಮೂಲಕ ಜಿನುಗಿಯೇ ಬರಬೇಕು. ಜೀವಂತ ಅಂಗಾಂಶದಲ್ಲಿ ಆಮ್ಲಜನಕ ಹೀಗೆ ಜಿನುಗಿ ತಲಪುವ ದೂರ 100ರಿಂದ 200 ಮೈಕ್ರೋಮೀಟರ್ ಮಾತ್ರ. ಮಣಿಯ ಮೇಲೆ ಕುಳಿತ ಮ್ಯಾಕ್ರೋಫೇಜ್‌ಗಳೂ ಆಮ್ಲಜನಕ ಬಳಸುತ್ತವೆ. ಒಳಗಿನವರಿಗೆ ಬರಬೇಕಾದದ್ದನ್ನು ಬಾಗಿಲಲ್ಲೇ ತಿಂದುಬಿಡುತ್ತವೆ.

ನ್ಯೂಟ್ರೋಫಿಲ್‌ಗಳನ್ನು ಬಹುಕಾಲ ಈ ಕಥೆಯ ಸಣ್ಣ ಪಾತ್ರಧಾರಿಗಳೆಂದೇ ಬಗೆದಿದ್ದರು: ಬಂದು, ಒಂದೆರಡು ದಿನ ಇದ್ದು, ಸತ್ತುಹೋಗುವವು. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಸಿದ್ಧಾರ್ಥ್ ಝುನ್‌ಝುನ್‌ವಾಲಾ, ಎಂಐಟಿಯಲ್ಲಿದ್ದಾಗ ಅಲ್ಲಿನ ತಂಡದ ಜೊತೆ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಲುಗಾಡಿಸಿತು. ಇಲಿಯ ಹೊಟ್ಟೆಯಲ್ಲಿ ಮೈಕ್ರೋಕ್ಯಾಪ್ಸೂಲ್ ಇಟ್ಟಾಗ ಅಲ್ಲಿನ ದ್ರವದಲ್ಲಿ ನ್ಯೂಟ್ರೋಫಿಲ್‌ಗಳು 30ರಿಂದ 500 ಪಟ್ಟು ಹೆಚ್ಚಿದ್ದವು. ಅಷ್ಟೇ ಅಲ್ಲ, ತಮ್ಮ ಡಿಎನ್‌ಎಯನ್ನೇ ಹೊರಗೆಸೆದು ಕ್ಯಾಪ್ಸೂಲಿನ ಮೇಲೆ ಬಲೆ ಹರಡಿದ್ದವು. ರೋಗಾಣು ಒಂದೂ ಇಲ್ಲದ ಶುದ್ಧ ವಸ್ತುವಿನ ಮೇಲೂ ಬಲೆ!

774 ಬಗೆಯ ಆಲ್ಜಿನೇಟ್

ಮಣಿಯ ಮೂಲವಸ್ತು ಆಲ್ಜಿನೇಟ್, ಕಂದು ಕಡಲಪಾಚಿಯಿಂದ ತೆಗೆಯುವ ಸಕ್ಕರೆಸರಪಳಿ. ಐಸ್‌ಕ್ರೀಮಿಗೂ ಗಾಯದ ಪಟ್ಟಿಗೂ ಬಳಸುತ್ತಾರೆ. ಅದರ ದ್ರಾವಣದ ಹನಿ ಕ್ಯಾಲ್ಸಿಯಂ ಅಥವಾ ಬೇರಿಯಂ ಲವಣದ ನೀರಿಗೆ ಬಿದ್ದರೆ ಆ ಕ್ಷಣವೇ ಗಟ್ಟಿಯಾಗಿ, ಬೆಂದ ಸಾಬಕ್ಕಿಯಂಥ ಪಾರದರ್ಶಕ ಮಣಿಯಾಗುತ್ತದೆ. ಶಾಖ ಬೇಡ, ಕಟು ರಾಸಾಯನಿಕ ಬೇಡ. ಹಾಗಾಗಿ ದ್ರಾವಣಕ್ಕೆ ಬೆರೆಸಿದ ಕೋಶಗಳು ಒಳಗೆ ಬದುಕಿಯೇ ಇರುತ್ತವೆ.

1980ರಲ್ಲಿ ಲಿಮ್ ಮತ್ತು ಸನ್ ಎಂಬ ಇಬ್ಬರು ಇನ್ಸುಲಿನ್ ತಯಾರಿಸುವ ಕೋಶಗುಚ್ಛಗಳನ್ನು ಆಲ್ಜಿನೇಟ್ ಕ್ಯಾಪ್ಸೂಲಿನಲ್ಲಿ ಹಾಕಿ, ಮಧುಮೇಹವಿದ್ದ ಇಲಿಗಳಿಗೆ ಇಟ್ಟು, ಎರಡು ಮೂರು ವಾರ ಸಕ್ಕರೆಯನ್ನು ಹತೋಟಿಗೆ ತಂದರು. ಜೆಲ್‌ನ ರಂಧ್ರಗಳಲ್ಲಿ ಗ್ಲೂಕೋಸ್, ಇನ್ಸುಲಿನ್ ಓಡಾಡಬೇಕು; ದಾಳಿಮಾಡುವ ಕೋಶಗಳು ಒಳಬರಬಾರದು. ನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆಗಳಿಲ್ಲದೆ ಕಸಿ ಮಾಡಬಹುದು. ಕಾಗದದ ಮೇಲೆ ಇದಕ್ಕಿಂತ ಚೆಂದದ ಉಪಾಯ ಇಲ್ಲ. ಆದರೆ ಮುಂದಿನ ಮೂವತ್ತು ವರ್ಷ ಅದು ಕಾಗದದ ಮೇಲೆಯೇ ಚೆಂದವಾಗಿತ್ತು. ಸಿಡ್ನಿಯ ತಂಡವೊಂದು ನಾಲ್ವರು ರೋಗಿಗಳಿಗೆ ಇಂಥ ಕ್ಯಾಪ್ಸೂಲ್ ಕೊಟ್ಟು 2009ರಲ್ಲಿ ಫಲಿತಾಂಶ ಪ್ರಕಟಿಸಿತು. 16 ತಿಂಗಳ ನಂತರ ಒಬ್ಬರ ಹೊಟ್ಟೆಯೊಳಗೆ ಲ್ಯಾಪ್ರೊಸ್ಕೋಪಿಯಲ್ಲಿ ನೋಡಿದರೆ ಕ್ಯಾಪ್ಸೂಲ್‌ಗಳು ಒಡೆದಿರಲಿಲ್ಲ, ಆದರೆ ಸುತ್ತ ನಾರು ಹಬ್ಬಿತ್ತು, ಒಳಗಿನ ಕೋಶಗಳು ಕೊಳೆತಿದ್ದವು. ಸಿಗಿಲಾನ್ ಪ್ರಕರಣ ಓದುವಾಗ ಈ ಹಳೆಯ ವರದಿಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಹನ್ನೆರಡು ವರ್ಷದ ಅಂತರದಲ್ಲಿ ಎರಡೂ ಕಡೆ ಕಂಡದ್ದು ಒಂದೇ ದೃಶ್ಯ.

ಎಂಐಟಿಯ ರಾಬರ್ಟ್ ಲ್ಯಾಂಗರ್ ಮತ್ತು ಡೇನಿಯಲ್ ಆಂಡರ್ಸನ್ ತಂಡ ಇದಕ್ಕೆ ಹಿಡಿದದ್ದು ಬೇರೆಯ ದಾರಿ. ಯಾವ ರಾಸಾಯನಿಕ ಗುಂಪು ನಿರೋಧಕ ವ್ಯವಸ್ಥೆಯನ್ನು ಸುಮ್ಮನಿರಿಸುತ್ತದೆ ಎಂದು ಮೊದಲೇ ಊಹಿಸುವ ಗೋಜಿಗೆ ಅವರು ಹೋಗಲಿಲ್ಲ. ಆಲ್ಜಿನೇಟ್ ಸರಪಳಿಗೆ ಬಗೆಬಗೆಯ ಸಣ್ಣ ಅಣುಗಳನ್ನು ಪೋಣಿಸಿ 774 ರೂಪಗಳನ್ನು ಮಾಡಿದರು. ಇಲಿಗಳ ಬೆನ್ನಿನ ಚರ್ಮದಡಿ ಹಲವು ಕಡೆ ಬೇರೆ ಬೇರೆ ರೂಪದ ಚುಕ್ಕೆ ಇಟ್ಟರು. ಉರಿಯೂತದ ಜಾಗದಲ್ಲಿ ಕಿಣ್ವಗಳು ಚುರುಕಾದಾಗ ಬೆಳಗುವ ಒಂದು ಬಣ್ಣವನ್ನು ರಕ್ತಕ್ಕೆ ಬಿಟ್ಟು ಕ್ಯಾಮೆರಾದಡಿ ನೋಡಿದರು. ಹೆಚ್ಚು ಬೆಳಗಿದ ಚುಕ್ಕೆಯ ವಸ್ತು ಪಟ್ಟಿಯಿಂದ ಹೊರಗೆ, ಮಂಕಾಗಿ ಉಳಿದದ್ದು ಮುಂದಿನ ಸುತ್ತಿಗೆ. ಇದನ್ನು ಯಾರಾದರೂ ‘ಕುರುಡು ಹುಡುಕಾಟ’ ಎಂದರೆ ನಾನು ಒಪ್ಪುವುದಿಲ್ಲ. ಪ್ರೋಟೀನು ಪದರದ ವರ್ತನೆಯನ್ನು ಲೆಕ್ಕಹಾಕಿ ಹೇಳುವಷ್ಟು ಸಿದ್ಧಾಂತ ನಮ್ಮ ಬಳಿ ಇಲ್ಲದಿದ್ದಾಗ ಇಲಿಯ ಬೆನ್ನನ್ನೇ ಕೇಳುವುದು ಪ್ರಾಮಾಣಿಕ ವಿಧಾನ.

ಕೊನೆಗೆ ಉಳಿದ ಮೂರು ರೂಪಗಳಿಗೂ ಒಂದು ಸಾಮ್ಯ ಇತ್ತು: ಮೂರರಲ್ಲೂ ಟ್ರಯಜೋಲ್ ಎಂಬ ಉಂಗುರ. ಅವುಗಳಲ್ಲಿ ಝೆಡ್2-ವೈ12 ಎಂಬುದು ಮುಂದೆ ಹೆಸರಾಯಿತು. ಮಾಮೂಲಿ ಆಲ್ಜಿನೇಟ್ ಮಣಿಗಳನ್ನು ಇಲಿಯ ಹೊಟ್ಟೆಯಲ್ಲಿಟ್ಟು ತೆಗೆದರೆ ಬೆಳ್ಳಗಾಗಿ, ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತಿದ್ದವು. ಈ ರೂಪದವು ಇಟ್ಟಾಗಿನಂತೆಯೇ ಗಾಜಿನ ಹಾಗೆ ತಿಳಿಯಾಗಿ, ಬಿಡಿಬಿಡಿಯಾಗಿ ಹೊರಬಂದವು. ಮಂಗಗಳಲ್ಲೂ ಕನಿಷ್ಠ ಆರು ತಿಂಗಳು ಪೊರೆ ಕಟ್ಟುವುದು ಕಡಿಮೆ ಇತ್ತು. 2016ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ, ಹಾರ್ವರ್ಡಿನ ಡಗ್ಲಸ್ ಮೆಲ್ಟನ್ ಪ್ರಯೋಗಾಲಯದಲ್ಲಿ ಕಾಂಡಕೋಶಗಳಿಂದ ಬೆಳೆಸಿದ ಮಾನವ ಇನ್ಸುಲಿನ್ ಕೋಶಗಳನ್ನು ಈ ಮೂರರಲ್ಲಿ ಇನ್ನೊಂದು ರೂಪದ ಜೆಲ್‌ನಲ್ಲಿ ಹಾಕಿ, ನಿರೋಧಕ ಶಕ್ತಿ ಸರಿಯಾಗಿಯೇ ಇದ್ದ ಮಧುಮೇಹಿ ಇಲಿಗಳಿಗೆ ಇಟ್ಟಾಗ 174 ದಿನ ಸಕ್ಕರೆ ಹತೋಟಿಯಲ್ಲಿತ್ತು. ಬಳಸಿದ ಇಲಿಯ ತಳಿಯೂ ಗಮನಿಸಬೇಕಾದದ್ದು. ಪೊರೆ ಕಟ್ಟುವುದರಲ್ಲಿ ಮುಂದಿರುವ ಸಿ57ಬಿಎಲ್/6 ತಳಿಯನ್ನೇ ಅವರು ಆರಿಸಿದ್ದರು. ಸುಲಭದ ಪರೀಕ್ಷೆ ಇಟ್ಟು ಪಾಸಾದವರು ಇವರಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಗಾತ್ರದ ವಿಷಯದಲ್ಲಿ ಇನ್ನೊಂದು ಅಚ್ಚರಿ ಅದಕ್ಕೂ ಮುಂಚೆ, 2015ರಲ್ಲೇ ಸಿಕ್ಕಿತ್ತು. ಚಿಕ್ಕ ವಸ್ತು ದೇಹಕ್ಕೆ ಕಡಿಮೆ ಕಿರಿಕಿರಿ ಎಂದು ಎಲ್ಲರೂ ನಂಬಿದ್ದರು. ಅದೇ ಎಂಐಟಿ ತಂಡದ ಓಮಿದ್ ವೈಸೇ ಮತ್ತು ಸಂಗಡಿಗರು ತೋರಿಸಿದ್ದು ಇದರ ತಿರುಗುಮುರುಗು: ಅರ್ಧ ಮಿಲಿಮೀಟರಿನ ಮಣಿಗೆ ದಪ್ಪ ಪೊರೆ, ಒಂದೂವರೆ ಮಿಲಿಮೀಟರಿನದಕ್ಕೆ ಬಹಳ ಕಡಿಮೆ. ಜೆಲ್ ಮಾತ್ರವಲ್ಲ, ಗಾಜು, ಉಕ್ಕು, ಪ್ಲಾಸ್ಟಿಕ್ ಮಣಿಗಳಲ್ಲೂ ಗುಂಡಗಿನ ದೊಡ್ಡವು ಗೆದ್ದವು. ಆದರೆ ಇಂಜಿನಿಯರಿಗೆ ಇದು ಇಕ್ಕಟ್ಟು. ಮಣಿ ದೊಡ್ಡದಾದಷ್ಟೂ ನಡುವಿನ ಕೋಶಕ್ಕೆ ಆಮ್ಲಜನಕ ದೂರ. ನಿರೋಧಕ ವ್ಯವಸ್ಥೆಯನ್ನು ಸಮಾಧಾನಪಡಿಸುವ ಗಾತ್ರ ಮತ್ತು ಕೋಶಗಳನ್ನು ಉಸಿರಾಡಿಸುವ ಗಾತ್ರ ಎರಡೂ ಒಂದೇ ಅಲ್ಲ.

ಕಂಪನಿಯ ಆಯ್ಕೆ

ಸಿಗಿಲಾನ್ ಹುಟ್ಟಿದ್ದು ಈ ವಿಜ್ಞಾನದ ಬೆನ್ನಿಗೆ, ಫ್ಲ್ಯಾಗ್‌ಶಿಪ್ ಪಯನಿಯರಿಂಗ್ ಎಂಬ ಹೂಡಿಕೆ ಸಂಸ್ಥೆಯ ಆಶ್ರಯದಲ್ಲಿ. ಲ್ಯಾಂಗರ್, ಆಂಡರ್ಸನ್ ಸಹಸಂಸ್ಥಾಪಕರು. ತಮ್ಮ ವಸ್ತುಗಳ ಬಳಗಕ್ಕೆ ಅಫೈಬ್ರೋಮರ್ ಎಂದು ಹೆಸರಿಟ್ಟರು. 2018ರಲ್ಲಿ ಎಲಿ ಲಿಲ್ಲಿ ಕಂಪನಿ ಮಧುಮೇಹದ ಚಿಕಿತ್ಸೆಗಾಗಿ 6.3 ಕೋಟಿ ಡಾಲರ್ ಮುಂಗಡ ಕೊಟ್ಟು ಕೈಜೋಡಿಸಿತು. 2020ರ ಡಿಸೆಂಬರಿನಲ್ಲಿ ಷೇರು ಮಾರುಕಟ್ಟೆಗೆ ಬಂದಾಗ ಸುಮಾರು 12.6 ಕೋಟಿ ಡಾಲರ್ ಸೇರಿತು.

ಮನುಷ್ಯರ ಮೇಲಿನ ಮೊದಲ ಪ್ರಯೋಗಕ್ಕೆ ಮಧುಮೇಹ ಬಿಟ್ಟು ಹಿಮೋಫಿಲಿಯಾ ಯಾಕೆ? ಕಾರಣಗಳು ಊಹಿಸುವಂಥವೇ. ಇನ್ಸುಲಿನ್ ಕೋಶಗಳು ನಾಜೂಕು, ಆಮ್ಲಜನಕ ಸ್ವಲ್ಪ ಕಮ್ಮಿಯಾದರೂ ಸಾಯುತ್ತವೆ. ಸಕ್ಕರೆ ಏರಿಳಿದಂತೆ ಇನ್ಸುಲಿನ್ನೂ ಏರಿಳಿಯಬೇಕು. ಹಿಮೋಫಿಲಿಯಾದಲ್ಲಿ ಆ ರಗಳೆ ಇಲ್ಲ. ಫ್ಯಾಕ್ಟರ್-8 ಒಂದೇ ಸಮನೆ ಸ್ವಲ್ಪಸ್ವಲ್ಪ ಬರುತ್ತಿದ್ದರೆ ಸಾಕು, ರಕ್ತಪರೀಕ್ಷೆಯಲ್ಲಿ ಅಳೆಯುವುದೂ ಸುಲಭ. ಕಾರ್ಖಾನೆಯಾಗಿ ಅವರು ಆರಿಸಿದ್ದು ಕಣ್ಣಿನ ಅಕ್ಷಿಪಟಲದ ಹಿಂಬದಿಯ ಪದರದಿಂದ ಬಂದ ಎಆರ್‌ಪಿಇ-19 ಎಂಬ ಗಟ್ಟಿಮುಟ್ಟಾದ ಕೋಶವಂಶ. ಮಣಿಗೆ ಎರಡು ಕೋಣೆ: ಒಳಗೆ ಕೋಶಗಳು, ಹೊರಗೆ ಅಫೈಬ್ರೋಮರ್ ಪದರ. ಉತ್ಪನ್ನದ ಹೆಸರು ಸಿಗ್-001.

ವ್ಯಾಪಾರದ ದೃಷ್ಟಿಯಿಂದ ಸಮಯ ಅಷ್ಟು ಒಳ್ಳೆಯದಾಗಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಚರ್ಮದಡಿ ಚುಚ್ಚಿಕೊಳ್ಳುವ, ವಾರಕ್ಕೋ ತಿಂಗಳಿಗೋ ಒಮ್ಮೆ ಸಾಕಾಗುವ ಎಮಿಸಿಜುಮ್ಯಾಬ್ ಎಂಬ ಹಿಮೋಫಿಲಿಯಾ ಔಷಧ 2017ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆದಿತ್ತು. ಅದಿದ್ದಾಗ ಹೊಟ್ಟೆಗೆ ಮಣಿ ಬಿಡಿಸಿಕೊಳ್ಳಲು ರೋಗಿ ಒಪ್ಪಬೇಕಾದರೆ ಮಣಿ ವರ್ಷಗಟ್ಟಲೆ ಕೆಲಸ ಮಾಡಬೇಕಿತ್ತು.

ಎಲ್ಲಿ ತಪ್ಪಿತು

ಇಲ್ಲಿಂದ ಮುಂದಿನ ವಿಶ್ಲೇಷಣೆ ನನ್ನದು. ಮೂರು ರೋಗಿಗಳ ಪ್ರಯೋಗದಿಂದ ಒಂದೇ ಕಾರಣವನ್ನು ಎತ್ತಿ ತೋರಿಸಲು ಯಾರಿಂದಲೂ ಆಗದು. ಆದರೆ ಇಲಿ, ಮಂಗಗಳಲ್ಲಿ ಕೇಳಿದ ಪ್ರಶ್ನೆಗೂ ಮನುಷ್ಯನಲ್ಲಿ ಕೇಳಿದ ಪ್ರಶ್ನೆಗೂ ಇದ್ದ ವ್ಯತ್ಯಾಸಗಳನ್ನು ಒಂದೊಂದಾಗಿ ಬಿಡಿಸಿ ನೋಡಬಹುದು.

ಎಲ್ಲಕ್ಕಿಂತ ದೊಡ್ಡದು ಮಣಿಯಿಂದ ಹೊರಬರಬೇಕಾದ ಸರಕಿನ ಗಾತ್ರ. ಇನ್ಸುಲಿನ್ ಪುಟ್ಟ ಅಣು, ತೂಕ 5.8 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ). ಫ್ಯಾಕ್ಟರ್-8 ರಕ್ತದ ಭಾರೀ ಪ್ರೋಟೀನುಗಳಲ್ಲಿ ಒಂದು. ಕೆಲಸಕ್ಕೆ ಬಾರದ ಮಧ್ಯದ ತುಂಡನ್ನು ಕತ್ತರಿಸಿದ ಗಿಡ್ಡ ರೂಪವೇ ಸುಮಾರು 170 ಕಿಲೋಡಾಲ್ಟನ್ ತೂಗುತ್ತದೆ. ನಮ್ಮ ರಕ್ತದ ಸಾಮಾನ್ಯ ಪ್ರತಿಕಾಯ ಐಜಿಜಿಯ ತೂಕ 150. ಈ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟರೆ ಸಮಸ್ಯೆ ತಾನಾಗಿ ಕಾಣುತ್ತದೆ. ಇನ್ಸುಲಿನ್ನನ್ನು ಹೊರಬಿಟ್ಟು ಪ್ರತಿಕಾಯವನ್ನು ತಡೆಯುವ ಜರಡಿ ಮಾಡಬಹುದು. ಫ್ಯಾಕ್ಟರ್-8 ಹೊರಬಿಡುವ ಜರಡಿಯಲ್ಲಿ ಪ್ರತಿಕಾಯ ಒಳನುಗ್ಗದಂತೆ ತಡೆಯುವುದು ಗಾತ್ರದ ಲೆಕ್ಕದಲ್ಲಿ ಆಗದ ಮಾತು. ದಾಳಿಕೋರ ಕೋಶಗಳನ್ನು ಜೆಲ್ ಹೊರಗಿಟ್ಟಿರಬಹುದು, ಆದರೆ ಅಣುಗಳಿಗೆ ಬಾಗಿಲು ಎರಡೂ ಕಡೆಯಿಂದ ತೆರೆದಿತ್ತು.

ಬಾಗಿಲು ತೆರೆದಿದ್ದರೆ ಒಳಗಿನದೂ ಹೊರಗೆ ಬರುತ್ತದೆ. ಎಆರ್‌ಪಿಇ-19 ಮಾನವ ಕೋಶವೇ ಆದರೂ ರೋಗಿಯದಲ್ಲ. ಎಲ್ಲ ಕೋಶಸಮುದಾಯದಲ್ಲೂ ದಿನಾ ಒಂದಿಷ್ಟು ಸಾಯುತ್ತವೆ. ಸತ್ತ ಕೋಶದ ಚೂರುಗಳು ಜಿನುಗಿ ಹೊರಬಂದರೆ ಅಲ್ಲಿ ಸುಳಿದಾಡುವ ಮ್ಯಾಕ್ರೋಫೇಜು ಅದನ್ನು ಎತ್ತಿಕೊಂಡು, ಇದು ನಮ್ಮದಲ್ಲ ಎಂದು ಟಿ-ಕೋಶಗಳಿಗೆ ತೋರಿಸುತ್ತದೆ. ಇದು ಪರೋಕ್ಷ ಗುರುತಿಸುವಿಕೆ, ಕಸಿವೈದ್ಯರಿಗೆ ಚಿರಪರಿಚಿತ. ಇಲ್ಲಿ ಹೊರಮೈ ಎಷ್ಟೇ ಸಾಧುವಾಗಿದ್ದರೂ ಉಪಯೋಗವಿಲ್ಲ, ಯಾಕೆಂದರೆ ಪ್ರಚೋದನೆ ಹೊರಮೈಯಿಂದ ಬರುತ್ತಲೇ ಇಲ್ಲ. ಒಮ್ಮೆ ಉರಿಯೂತ ಹೊತ್ತಿಕೊಂಡರೆ ಪೊರೆ, ಪೊರೆಯಿಂದ ಆಮ್ಲಜನಕದ ಕೊರತೆ, ಅದರಿಂದ ಇನ್ನಷ್ಟು ಸಾವು, ಸಾವಿನಿಂದ ಇನ್ನಷ್ಟು ಚೂರು. ಚಕ್ರ ತಾನೇ ತಿರುಗುತ್ತದೆ. ಹೊರತೆಗೆದ ಮಣಿಯಲ್ಲಿ ಪೊರೆಯೂ ಸಾವೂ ಒಟ್ಟಿಗೆ ಕಂಡಾಗ ಯಾವುದು ಮೊದಲು ಎಂದು ಹೇಳುವುದು ಇದಕ್ಕೇ ಕಷ್ಟ.

ಈಗ ಹಿಂದಿನ ಪರೀಕ್ಷೆಗಳತ್ತ ತಿರುಗಿ ನೋಡಿ. 774ರ ಸೋಸುವಿಕೆ ನಡೆದದ್ದು ಕೋಶಗಳಿಲ್ಲದ ಜೆಲ್ ಮೇಲೆ. ಮಂಗಗಳಲ್ಲಿ ಆರು ತಿಂಗಳು ಉಳಿದ ಮಣಿಗಳೂ ಖಾಲಿ ಮಣಿಗಳೇ. ಅಂದರೆ ವಸ್ತುವನ್ನು ಆರಿಸಿದ್ದು ‘ಈ ಮೇಲ್ಮೈ ದೇಹವನ್ನು ಕೆರಳಿಸುತ್ತದೆಯೇ’ ಎಂಬ ಪ್ರಶ್ನೆಗೆ ಉತ್ತರವಾಗಿ. ರೋಗಿಯ ಹೊಟ್ಟೆಯಲ್ಲಿ ಉತ್ತರಿಸಬೇಕಾಗಿದ್ದ ಪ್ರಶ್ನೆ ಬೇರೆ: ‘ಒಳಗಿನಿಂದ ಕೆರಳಿಸುವ ಸಾಮಾನು ಸೋರುತ್ತಿರುವಾಗಲೂ ಈ ಮೇಲ್ಮೈ ಪೊರೆಯನ್ನು ತಡೆಯುತ್ತದೆಯೇ?’ ಕೋಶ ತುಂಬಿದ ಮಣಿಗಳ ಪರೀಕ್ಷೆ ನಡೆದೇ ಇರಲಿಲ್ಲ ಎಂದಲ್ಲ. ಇಲಿಯಲ್ಲಿ 174 ದಿನದ್ದು ಆಗಲೇ ಹೇಳಿದೆ. 2018ರಲ್ಲಿ ಮಕಾಕ್ ಮಂಗಗಳಲ್ಲಿ ಬೇರೆ ಮಂಗಗಳ ಇನ್ಸುಲಿನ್ ಕೋಶಗುಚ್ಛಗಳು ಇದೇ ಬಳಗದ ಜೆಲ್‌ನೊಳಗೆ ನಾಲ್ಕು ತಿಂಗಳು ಬದುಕಿದ್ದೂ ಪ್ರಕಟವಾಗಿತ್ತು. ಆದರೆ ಅವು ಇನ್ಸುಲಿನ್ ಕೋಶಗಳು, ಸಣ್ಣ ಸರಕು. ಈ ಪುರಾವೆಯನ್ನು ಇನ್ನೊಂದು ಕೋಶಕ್ಕೆ, ಮೂವತ್ತು ಪಟ್ಟು ಭಾರದ, ಅದೂ ಪ್ರತಿಕಾಯ ಹುಟ್ಟಿಸುವುದರಲ್ಲಿ ಕುಖ್ಯಾತವಾದ ಪ್ರೋಟೀನಿಗೆ ಎತ್ತಿ ಹಚ್ಚಿದ್ದು ಈ ಪ್ರಕರಣದ ನಿರ್ಣಾಯಕ ತಿರುವು ಎಂಬುದು ನನ್ನ ಓದು. ಮಧುಮೇಹ ಕಷ್ಟ ಎಂದು ಪಕ್ಕಕ್ಕೆ ಸರಿದರು. ವಸ್ತುವಿನ ದೃಷ್ಟಿಯಿಂದ ಹಿಮೋಫಿಲಿಯಾ ಇನ್ನೂ ಕಷ್ಟದ್ದಾಗಿತ್ತು.

ಡೋಸಿನ ಮಾತೂ ಇದೆ. ಮೂರನೆಯ ರೋಗಿಗೆ ಸಿಕ್ಕಿದ್ದು ಅತಿ ಹೆಚ್ಚಿನ ಡೋಸ್. ಮಣಿಗಳ ಸಂಖ್ಯೆ ಏರಿದಂತೆ ಅವು ನಿಂತ ಮನುಷ್ಯನ ಹೊಟ್ಟೆಯ ತಳಭಾಗಕ್ಕೆ ಇಳಿದು ಒತ್ತೊತ್ತಾಗಿ ಸೇರುತ್ತವೆ. ಒತ್ತೊತ್ತಾದಲ್ಲಿ ಸುತ್ತಲ ದ್ರವದ ಆಮ್ಲಜನಕವನ್ನು ಎಲ್ಲರೂ ಹಂಚಿಕೊಳ್ಳಬೇಕು, ಸೋರಿದ ಚೂರುಗಳೂ ಅಲ್ಲೇ ದಟ್ಟವಾಗುತ್ತವೆ. ನಾಲ್ಕು ಕಾಲಿನ, ಇಪ್ಪತ್ತೈದು ಗ್ರಾಮಿನ ಇಲಿಯಲ್ಲಿ ಈ ಪರಿಸ್ಥಿತಿ ಹುಟ್ಟುವುದೇ ಇಲ್ಲ. ಇದು ಕಾರಣವೋ ಅಲ್ಲವೋ, ಮುಂದಿನ ಪ್ರಯೋಗ ರೂಪಿಸುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಭೌತಶಾಸ್ತ್ರ.

ಅದೇ ಕೋಶ, ಬೇರೆ ಜಾಗ

ಈ ಪ್ರಕರಣಕ್ಕೆ ಯಾರೂ ಉದ್ದೇಶಪೂರ್ವಕವಾಗಿ ನಡೆಸದ ಒಂದು ಹೋಲಿಕೆ ಸಿಕ್ಕಿದೆ. 2025ರ ಮಾರ್ಚಿನಲ್ಲಿ ಎಫ್‌ಡಿಎ, ನ್ಯೂರೋಟೆಕ್ ಕಂಪನಿಯ ಎನ್ಸೆಲ್ಟೊ ಎಂಬ ಇಂಪ್ಲಾಂಟಿಗೆ ಒಪ್ಪಿಗೆ ಕೊಟ್ಟಿತು. ಮ್ಯಾಕ್‌ಟೆಲ್ ಎಂಬ ಕಣ್ಣಿನ ಕಾಯಿಲೆಗೆ ಕಣ್ಣೊಳಗೆ ಇಡುವ ಪುಟ್ಟ ಕೊಳವೆ ಅದು. ಒಳಗಿರುವುದು ಜೀವಂತ ಕೋಶಗಳು. ಯಾವ ಕೋಶ? ಎಆರ್‌ಪಿಇ-19. ಸಿಗಿಲಾನ್ ಬಳಸಿದ ಅದೇ ವಂಶ.

ಹಾಗಾದರೆ ಕೋಶದಲ್ಲೇ ದೋಷವಿತ್ತು ಎನ್ನುವ ವಾದ ಬಲ ಕಳೆದುಕೊಳ್ಳುತ್ತದೆ. ಕಣ್ಣು ನಿರೋಧಕ ವ್ಯವಸ್ಥೆ ದನಿ ತಗ್ಗಿಸಿ ನಡೆಯುವ ಜಾಗ. ಅಲ್ಲಿ ಉರಿಯೂತ ಅತಿಯಾದರೆ ದೃಷ್ಟಿಯೇ ಹೋಗುತ್ತದಾದ್ದರಿಂದ ದೇಹ ಅಲ್ಲಿ ಸಂಯಮ ಕಲಿತಿದೆ. ಹೊಟ್ಟೆಯ ಕುಹರ ಇದಕ್ಕೆ ತದ್ವಿರುದ್ಧ. ಕರುಳು ಸೋರಿದರೆ ಸಾವು ಎಂಬ ಭಯದಲ್ಲೇ ಕಟ್ಟಿದ ಜಾಗ ಅದು, ಹೊದಿಕೆಯಂಥ ಓಮೆಂಟಮ್ ತುಂಬ ನಿರೋಧಕ ಕೋಶಗಳ ಠಾಣೆಗಳು. ಕಣ್ಣಿನಲ್ಲಿ ಬೇಕಾದ ಡೋಸೂ ಅತ್ಯಲ್ಪ, ಯಾಕೆಂದರೆ ಔಷಧ ಅಲ್ಲೇ ಖರ್ಚಾಗುತ್ತದೆ. ಇಡೀ ರಕ್ತಪ್ರವಾಹಕ್ಕೆ ಫ್ಯಾಕ್ಟರ್-8 ಉಣಿಸುವ ಹೊರೆ ಇಲ್ಲ.

ಚರ್ಮದಡಿಯೂ ಸುಲಭದ ಜಾಗವೇನಲ್ಲ. ವಯಾಸೈಟ್ ಕಂಪನಿ 2014ರಲ್ಲಿ ಶುರುಮಾಡಿದ ಪ್ರಯೋಗದಲ್ಲಿ ಕಾಂಡಕೋಶ ತುಂಬಿದ ಚಪ್ಪಟೆ ಚೀಲಗಳನ್ನು ಚರ್ಮದಡಿ ಇಟ್ಟಿತ್ತು. ಪೊರೆಯ ಕಾಟದಿಂದ ಕೋಶಗಳು ಉಳಿಯಲಿಲ್ಲ. ಆ ಕಂಪನಿಯನ್ನೇ ಕೊಂಡ ವರ್ಟೆಕ್ಸ್ ಕೂಡ ತನ್ನದೇ ಡಬ್ಬಿಯೊಂದರಲ್ಲಿ ಇನ್ಸುಲಿನ್ ಕೋಶ ಇಟ್ಟು ನೋಡಿ, 2025ರ ಮಾರ್ಚಿನಲ್ಲಿ ಸಾಕಷ್ಟು ಇನ್ಸುಲಿನ್ ಬರುತ್ತಿಲ್ಲವೆಂದು ಕೈಬಿಟ್ಟಿತು. ಅದೇ ವರ್ಟೆಕ್ಸ್ ಅದೇ ಬಗೆಯ ಕೋಶಗಳನ್ನು ಯಾವ ಡಬ್ಬಿಯೂ ಇಲ್ಲದೆ ಯಕೃತ್ತಿನ ರಕ್ತನಾಳಕ್ಕೆ ಬಿಟ್ಟು, ನಿರೋಧಕ ಶಕ್ತಿ ಕುಗ್ಗಿಸುವ ಮದ್ದು ಕೊಟ್ಟಾಗ, ಪೂರ್ಣ ಡೋಸ್ ಪಡೆದ 12 ಮಂದಿಯಲ್ಲಿ 10 ಮಂದಿ ವರ್ಷದ ಕೊನೆಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಬಿಟ್ಟಿದ್ದರು. ವಸ್ತುವಿಜ್ಞಾನಿಗಳಿಗೆ ಇದು ಕಹಿ ಅಂಕಿ. ಕೋಶ ಸರಿಯಾಗಿಯೇ ಇದೆ, ಹೊದಿಕೆ ಸರಿಯಿಲ್ಲ ಎಂದು ಅದು ಹೇಳುತ್ತದೆ.

ಆಮೇಲೆ

ಸಿಗಿಲಾನ್ ಹಿಮೋಫಿಲಿಯಾ ಕೈಬಿಟ್ಟಿತು, ಸಿಬ್ಬಂದಿ ಕಡಿತ ಮಾಡಿತು, ಮತ್ತೆ ಮಧುಮೇಹದತ್ತ ಮುಖಮಾಡಿತು. 2023ರ ಜೂನಿನಲ್ಲಿ ಲಿಲ್ಲಿ ಅದನ್ನು ಕೊಳ್ಳುವುದಾಗಿ ಘೋಷಿಸಿದಾಗ ಕೈಗೆ ಬಂದ ಬೆಲೆ ಸುಮಾರು 3.46 ಕೋಟಿ ಡಾಲರ್. ಮುಂದೆ ಉತ್ಪನ್ನ ಗೆದ್ದರೆ ಒಟ್ಟು 31 ಕೋಟಿಯ ಹತ್ತಿರ ಹೋಗಬಹುದೆಂಬ ಷರತ್ತು ಬೇರೆ. ಎರಡೂವರೆ ವರ್ಷ ಹಿಂದೆ ಷೇರು ಮಾರಿ ಎತ್ತಿದ ಹಣದ ಕಾಲುಭಾಗದಷ್ಟು ಮುಂಗಡ ಅದು.

ವಿಜ್ಞಾನದಲ್ಲಿ ಈಗ ಎರಡು ಬದಲಾವಣೆ ಕಾಣುತ್ತಿದೆ. ಒಂದು ಸೋಸುವ ವಿಧಾನದಲ್ಲೇ. ವೈಸೇ ಈಗ ರೈಸ್ ವಿಶ್ವವಿದ್ಯಾಲಯದಲ್ಲಿದ್ದಾರೆ. ಅವರ ತಂಡ ಬೇರೆ ಬೇರೆ ದಾನಿಗಳ ಮಾನವ ಕೋಶಗಳನ್ನು ಬೇರೆ ಬೇರೆ ಜೆಲ್‌ಗಳಲ್ಲಿ ಇಟ್ಟು, ಎಲ್ಲ ಮಣಿಗಳನ್ನೂ ಬೆರೆಸಿ ಒಂದೇ ಪ್ರಾಣಿಗೆ ಹಾಕುವ ಉಪಾಯವನ್ನು 2023ರಲ್ಲಿ ಪ್ರಕಟಿಸಿತು. ಹೊರತೆಗೆದ ಮೇಲೆ ಕೋಶದ ಡಿಎನ್‌ಎ ಓದಿದರೆ ಯಾವ ಮಣಿ ಯಾವ ಜೆಲ್‌ನದು ಎಂದು ಗೊತ್ತಾಗುತ್ತದೆ. ಪ್ರಾಣಿಗಳು ಕಡಿಮೆ ಸಾಕು ಎಂಬುದು ಇದರ ಪ್ರಚಾರವಾದ ಲಾಭ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಇಲ್ಲಿ ಸೋಸುವ ಮೊದಲ ಸುತ್ತಿನಿಂದಲೇ ಮಣಿಯೊಳಗೆ ಪರಕೀಯ ಕೋಶ ಇರುತ್ತದೆ ಎಂಬುದು. ಖಾಲಿ ಮಣಿಯ ಪರೀಕ್ಷೆಯ ಕೊರತೆ ಅಷ್ಟರಮಟ್ಟಿಗೆ ನೀಗಿತು.

ಇನ್ನೊಂದು, ಮೇಲ್ಮೈಯ ರಸಾಯನಶಾಸ್ತ್ರವೊಂದೇ ಸಾಲದೆಂಬ ಒಪ್ಪಿಗೆ. ಆಂಡರ್ಸನ್ ಗುಂಪಿನ ಜೋಶುವಾ ಡೋಲಾಫ್ ಮತ್ತಿತರರು 2017ರಲ್ಲಿ ಈ ಇಡೀ ಪ್ರತಿಕ್ರಿಯೆಗೆ ಮ್ಯಾಕ್ರೋಫೇಜ್‌ಗಳ ಸಿಎಸ್‌ಎಫ್1ಆರ್ ಎಂಬ ಗ್ರಾಹಕ ಕೀಲಿಯೆಂದು ತೋರಿಸಿದ್ದರು. 2019ರಲ್ಲಿ ಅದೇ ಬಳಗ ಆ ಗ್ರಾಹಕವನ್ನು ತಡೆಯುವ ಔಷಧವನ್ನು ಹರಳುಗಟ್ಟಿಸಿ ಇಂಪ್ಲಾಂಟಿನೊಳಗೇ ಇಟ್ಟಿತು. ಹರಳು ನಿಧಾನ ಕರಗುವುದರಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಔಷಧ ಅಲ್ಲಿಗಷ್ಟೇ ಜಿನುಗುತ್ತದೆ, ಉಳಿದ ದೇಹಕ್ಕೆ ತಾಗುವುದಿಲ್ಲ. ದೇಹದಿಂದ ಅಡಗಿಕೊಳ್ಳುವ ವಸ್ತುವಿಗಿಂತ ದೇಹದೊಡನೆ ಸುತ್ತಮುತ್ತಲಷ್ಟೇ ಮಾತಾಡುವ ವಸ್ತು. ಇದರ ಒರಟು ರೂಪವೊಂದು ಆಗಲೇ ಮಾರುಕಟ್ಟೆಯಲ್ಲಿದೆ: ತೋಳಿನ ಚರ್ಮದಡಿ ಇಡುವ ಎವರ್‌ಸೆನ್ಸ್ ಗ್ಲೂಕೋಸ್ ಸೆನ್ಸರ್. ಅದರ ಸುತ್ತ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಜಿನುಗಿಸುವ ಸಿಲಿಕೋನ್ ಪಟ್ಟಿ ಇರುತ್ತದೆ. 2024ರಲ್ಲಿ ಒಪ್ಪಿಗೆ ಪಡೆದ ಅದರ ಹೊಸ ಆವೃತ್ತಿ ಒಂದು ವರ್ಷ ಒಳಗೇ ಇದ್ದು ಕೆಲಸ ಮಾಡುತ್ತದೆ. ಚರ್ಮದ ಮೇಲೆ ಅಂಟಿಸಿ ತಂತಿ ಚುಚ್ಚುವ ಮಾಮೂಲಿ ಸೆನ್ಸರನ್ನು ಎರಡು ವಾರದ ಆಸುಪಾಸಿಗೆ ಬದಲಿಸಬೇಕು. ಸ್ಟೀರಾಯ್ಡ್ ಕೋಶಗಳಿಲ್ಲದ ಸೆನ್ಸರಿಗೆ ಒಗ್ಗುತ್ತದೆ. ಇನ್ಸುಲಿನ್ ಕೋಶಗಳ ಪಕ್ಕದಲ್ಲಿ ಅದನ್ನು ಇಡುವುದು ಅಷ್ಟು ಸಲೀಸಲ್ಲ, ಯಾಕೆಂದರೆ ಸ್ಟೀರಾಯ್ಡ್ ಆ ಕೋಶಗಳಿಗೂ ಹಾನಿ ಮಾಡಬಲ್ಲದು. ಸಿಎಸ್‌ಎಫ್1ಆರ್ ತಡೆಯುವ ಹರಳುಗಳ ಮೇಲೆ ಮುಂದಿನ ಕಣ್ಣಿರುವುದು ಅದಕ್ಕಾಗಿ.